ವಾಲಿಬಾಲ್ ಬಸ್ಸಿಗೆ ಒಂದು ಏಲಂ

ನನ್ನ ಹಾಸಿಗೆಯ ಅಡಿಯಲ್ಲಿ ಗಿಫ್ಟ್ ಪೇಪರುಗಳಿವೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೂ ನನ್ನ ಮಗಳು ಶೈಲಾ ಪ್ರತಿ ಸಲ ಚಾದರ ಬದಲಿಸುವಾಗ ಹೊಸದಾಗಿ ಕಂಡವಳ ಹಾಗೆ ಕೂಗುತ್ತಾಳೆ.

“ಅಮ್ಮ, ಅಂಗಡಿಯಲ್ಲಿ ಒಂದು ಡಾಲರಿಗೆ ಒಂದು ರೋಲ್ ಸಿಗ್ತದೆ! ಇದನ್ನೆಲ್ಲ ಎಂತಕ್ಕೆ ಇಟ್ಕೊಂಡಿದ್ದಿ?”

“ಅಂಗಡಿಯಲ್ಲಿ ಸಿಗ್ತದೆ ಅಂತ ಇದು ಹರಿದು ಹೋಯ್ತಾ?”

ಉಡುಗೊರೆ ಬಂದರೆ ನಾನು ಪೇಪರ್ ಹರಿಯುವುದಿಲ್ಲ. ಟೇಪಿನ ಅಂಚಿಗೆ ಉಗುರು ಕೊಟ್ಟು ನಿಧಾನಕ್ಕೆ ಬಿಡಿಸುತ್ತೇನೆ. ಸುತ್ತ ಕೂತವರಿಗೆ ಒಳಗೆ ಏನಿದೆ ಎಂದು ನೋಡುವ ಅವಸರ, ನನಗೆ ಹೊರಗಿನದ್ದು ಉಳಿಯಬೇಕು. ಮಡಚಿ ಹಾಸಿಗೆಯ ಅಡಿ ಇಟ್ಟರೆ ವಾರದೊಳಗೆ ಇಸ್ತ್ರಿ ಹಾಕಿದ ಹಾಗೆ ಆಗುತ್ತದೆ. ನನ್ನ ಮೈಭಾರ ಈ ಮನೆಯಲ್ಲಿ ಉಪಯೋಗಕ್ಕೆ ಬರುವುದು ಇಷ್ಟಕ್ಕೇ.

ಇವತ್ತು ಬೆಳಿಗ್ಗೆ ಶೈಲಾ ಎಳೆದು ಹೊರಗೆ ಹಾಕಿದ್ದರಲ್ಲಿ ಒಂದು ನೀಲಿ ಪೇಪರ್ ಇತ್ತು. ಅದರ ಮೇಲೆ ಚಿನ್ನದ ಬಣ್ಣದ ನಕ್ಷತ್ರಗಳು, ಒಂದು ಮೂಲೆಯಲ್ಲಿ ಕಾಫಿಯ ಕಲೆ. ಅವಳು ಕಸದ ಚೀಲಕ್ಕೆ ತುರುಕುವ ಮೊದಲೇ ಕಿತ್ತುಕೊಂಡೆ. ಈ ಪೇಪರ್ ಒಂದು ವಾಲಿಬಾಲ್ ಟೀಮನ್ನು ಸ್ಯಾನ್ ಡಿಯಾಗೋಗೆ ಕಳಿಸಿದ್ದು ಎಂದರೆ ನೀವು ನಂಬುವುದಿಲ್ಲ. ಬೇಡ, ಈಗಲೇ ನಂಬಬೇಡಿ. ಓದಿ, ಆಮೇಲೆ ನೋಡುವ.

ಕೆಲವು ವರ್ಷಗಳ ಹಿಂದಿನ ಮಾತು. ನಾವಿರುವುದು ಲಾಸ್ ಏಂಜಲೀಸಿನ ಟೊರೆನ್ಸ್‌ನಲ್ಲಿ. ಅಳಿಯ ಮೋಹನನಿಗೆ ಯುದ್ಧವಿಮಾನದ ಕಂಪನಿಯಲ್ಲಿ ಕೆಲಸ. ರಷ್ಯಾದವರು ಅಮೆರಿಕದವರೊಡನೆ ಜಗಳ ನಿಲ್ಲಿಸಿದರು, ಅಳಿಯನ ಕೆಲಸ ಹೋಯಿತು. ಅದಕ್ಕೂ ಇದಕ್ಕೂ ಎಂತ ಸಂಬಂಧ ಎಂದು ಅವನು ನನಗೆ ಎಷ್ಟೋ ಸಲ ಬಿಡಿಸಿ ಹೇಳಿದ. ನನಗೆ ಅರ್ಥವಾದದ್ದು ಇಷ್ಟೇ: ಯುದ್ಧದ ಭಯ ಇದ್ದಾಗ ನಮ್ಮ ಮನೆಯಲ್ಲಿ ನೆಮ್ಮದಿ ಇತ್ತು.

ಆ ವರ್ಷವೇ ಮೊಮ್ಮಗಳು ನಿಖಿಲಾ ಹೈಸ್ಕೂಲು ಮುಗಿಸಿದ್ದು. ದೊಡ್ಡ ಯೂನಿವರ್ಸಿಟಿಯ ಫೀಸು ಕಟ್ಟುವ ತಾಕತ್ತು ಉಳಿದಿರಲಿಲ್ಲ. ಹತ್ತಿರದ ಒಂದು ಸಣ್ಣ ಕಮ್ಯುನಿಟಿ ಕಾಲೇಜಿಗೆ ಸೇರಿದಳು. ಅಲ್ಲಿ ಎರಡು ವರ್ಷ ಓದಿ ಆಮೇಲೆ ದೊಡ್ಡದಕ್ಕೆ ಹೋಗುವುದು. ಫೀಸು ಕಡಿಮೆ. ನನಗಂತೂ ಒಳ್ಳೆಯ ಏರ್ಪಾಡು ಎಂದೇ ಕಂಡಿತು. ಆದರೆ ನಮ್ಮವರ ಪಾರ್ಟಿಗಳಲ್ಲಿ “ಮಗಳು ಯಾವ ಯೂನಿವರ್ಸಿಟಿ?” ಎಂದು ಯಾರಾದರೂ ಕೇಳಿದರೆ ಶೈಲಾ ಚಟ್ನಿ ತರುವ ನೆವ ಮಾಡಿ ಒಳಗೆ ಹೋಗುತ್ತಿದ್ದಳು. ಸ್ಯಾಂಟಾ ಕ್ಲಾರಿಟಾದ ಪ್ರಭಾಕರ ಒಮ್ಮೆ ಹಾಗೆ ಕೇಳಿದ. ಅವನ ಮಗ ದೊಡ್ಡ ಹೆಸರಿನ ಕಡೆ ಓದುತ್ತಿದ್ದ. ನಾನೇ ಹೇಳಿದೆ.

“ಕಮ್ಯುನಿಟಿ ಕಾಲೇಜು. ಫೀಸು ಕಮ್ಮಿ, ಪಾರ್ಕಿಂಗ್ ಬೇಕಾದಷ್ಟು ಉಂಟು.”

“ಓ… ಪರ್ವಾಗಿಲ್ಲ ಬಿಡಿ ಗಿರಿಜಕ್ಕ,” ಎಂದ. ಯಾರೋ ಸತ್ತದ್ದಕ್ಕೆ ಹೇಳುವ ಹಾಗೆ.

ಆ ಕಾಲೇಜಿನಲ್ಲಿ ನಿಖಿಲಾ ವಾಲಿಬಾಲ್ ಟೀಮಿಗೆ ಸೇರಿದಳು. ಅಲ್ಲಿ ಎಲ್ಲರೂ ಅವಳನ್ನು ನಿಕ್ಕಿ ಎನ್ನುವುದು. ಅವಳು ಸೆಟ್ಟರ್. ಸೆಟ್ಟರ್ ಎಂದರೆ ಚೆಂಡನ್ನು ಬಲೆಯ ಹತ್ತಿರ ಮೆತ್ತಗೆ ಮೇಲೆತ್ತಿ ಕೊಡುವವಳು. ಹೊಡೆಯುವವಳು ಬೇರೆ. ಇವರಲ್ಲಿ ಹೊಡೆಯುವವಳು ಟ್ಯಾಮಿ ಎಂಬ ಹುಡುಗಿ, ತೆಂಗಿನಮರಕ್ಕೆ ಚಡ್ಡಿ ಹಾಕಿದ ಹಾಗೆ ಇದ್ದಳು. ಅವಳು ಹೊಡೆದಾಗ ಜನ ಎದ್ದು ನಿಲ್ಲುತ್ತಿದ್ದರು. ಎತ್ತಿ ಕೊಟ್ಟವಳ ಕಡೆ ಯಾರೂ ನೋಡುತ್ತಿರಲಿಲ್ಲ.

“ಬಡಿಸುವುದು ನೀನು, ಉಂಡು ಹೆಸರು ತೆಗೆಯುವುದು ಅವಳು. ಇದೆಂತ ಆಟ?” ಎಂದು ಕೇಳಿದೆ.

“ಅಜ್ಜಿ, ಇಟ್ಸ್ ಎ ಟೀಮ್,” ಎಂದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು. ಇಬ್ಬರಿಗೂ ತೊಂದರೆ ಇಲ್ಲ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತಮ್ಮ ಹುಟ್ಟಿದ, ಎತ್ತಿಕೊಳ್ಳುವವರು ಬೇಕಿತ್ತು, ಬಿಡಿಸಿದರು. ಆದರೆ ಚೆಂಡು ಬಿಡಲಿಲ್ಲ. ತೆಂಗಿನ ಗರಿಯಲ್ಲಿ ಹೆಣೆದ ಚೆಂಡು, ಎರಡು ಆಟಕ್ಕೆ ಬಿಚ್ಚಿಹೋಗುತ್ತಿತ್ತು. ಸೊಂಟದ ಮೇಲೆ ತಮ್ಮ, ಇನ್ನೊಂದು ಕೈಯಲ್ಲಿ ಚೆಂಡು. ಒಂದೇ ಕೈಯಲ್ಲಿ ಆಡುವವಳು ಮೋಸ ಮಾಡದೆ ಗೆಲ್ಲುವುದು ಹೇಗೆ? ಬಾವಿಯ ಕಡೆ ನೋಡಿ ಕೊಟ್ಟಿಗೆಯ ಕಡೆ ಎಸೆಯುತ್ತಿದ್ದೆ. ಟೊರೆನ್ಸಿನ ಹಿತ್ತಲಲ್ಲಿ ನಿಖಿಲಾ ಸಣ್ಣವಳಿದ್ದಾಗ ಅವಳಿಗೂ ಇದನ್ನೇ ಮಾಡಿ ಅಳಿಸುತ್ತಿದ್ದೆ. ಇರಲಿ, ಇದು ಮತ್ತೆ ಬರುತ್ತದೆ.

ಎರಡನೆಯ ವರ್ಷದಲ್ಲಿ ಒಂದು ದಿನ ಅವರ ಕೋಚ್ ಲಿಂಡಾ ಮನೆಗೆ ಬಂದಳು. ನಾನು ಗೋಳಿಬಜೆ ಮಾಡಿದ್ದೆ. ಬಿಸಿಯದ್ದನ್ನು ಬಾಯಿಗೆ ಹಾಕಿಕೊಂಡವಳ ಕಣ್ಣಲ್ಲಿ ನೀರು ಬಂತು. ಗೋಳಿಬಜೆ ಬಾಯಿ ಸುಟ್ಟದ್ದು ಎಂದುಕೊಂಡೆ. ಆಮೇಲೆ ನೋಡಿದರೆ ಅಳುವುದೇ.

ಸಂಗತಿ ಏನೆಂದರೆ, ಸರಕಾರ ಕಾಲೇಜುಗಳಿಗೆ ಕೊಡುವುದನ್ನು ಕಡಿಮೆ ಮಾಡಿತ್ತು. ಕಾಲೇಜಿನವರು ಮೊದಲು ಕೈ ಹಾಕಿದ್ದು ಆಟಗಳಿಗೆ. ಎಲ್ಲ ಆಟಕ್ಕೂ ಸಮನಾಗಿ ಕೈ ಹಾಕಿದರಾ ಎಂದರೆ ಅದೂ ಇಲ್ಲ. ಫುಟ್‌ಬಾಲ್ ಹುಡುಗರು ಒಂದು ಮದುವೆ ದಿಬ್ಬಣದಷ್ಟು ಜನ. ಒಬ್ಬೊಬ್ಬನಿಗೂ ಹೆಲ್ಮೆಟ್ಟು, ಎದೆಗೆ ಹೆಗಲಿಗೆ ಕವಚ, ಆಟ ನಡೆಯುವಾಗ ಹೊರಗೆ ಒಂದು ಆಂಬ್ಯುಲೆನ್ಸು. ನೀರು ಕುಡಿಸಲಿಕ್ಕೆ ಬೇರೆಯೇ ಜನ! ವಾಲಿಬಾಲ್ ಹುಡುಗಿಯರಿಗೆ ಇದ್ದದ್ದು ಬಲೆ, ಚೆಂಡು, ಬಸ್ಸು. ಅದರಲ್ಲಿ ಬಸ್ಸು ತೆಗೆದರು. ಊರೊಳಗಿನ ಪಂದ್ಯಗಳಿಗೆ ಹೇಗೋ ಆಯಿತು. ಸೀಸನ್ನಿನ ಕೊನೆಯ ಪಂದ್ಯ ಇದ್ದದ್ದು ಸ್ಯಾನ್ ಡಿಯಾಗೋದಲ್ಲಿ.

“ನಮ್ಮ ನಮ್ಮ ಕಾರಲ್ಲಿ ಕರ್ಕೊಂಡು ಹೋದ್ರೆ ಆಗುದಿಲ್ವಾ?” ಎಂದೆ. ಶೈಲಾ ಇಂಗ್ಲಿಷ್ ಮಾಡಿ ಕೇಳಿದಳು. ಆಗುವುದಿಲ್ಲವಂತೆ. ಅಷ್ಟು ದೂರಕ್ಕೆ ಕಾಲೇಜು ಗೊತ್ತುಮಾಡಿದ ಬಸ್ಸು, ಕಾಲೇಜು ಗೊತ್ತುಮಾಡಿದ ಡ್ರೈವರೇ ಬೇಕು. ಇನ್ಶೂರೆನ್ಸಿನ ಕಾಟ.

“ಹೋಗದಿದ್ರೆ ಎಂತಾಗ್ತದೆ?”

ಹೋಗದಿದ್ದರೆ ಸೋತ ಲೆಕ್ಕ. ಪಂದ್ಯಕ್ಕೇ ಹೋಗದ ಟೀಮು ಎಂದು ಮುಂದಿನ ವರ್ಷದಿಂದ ಟೀಮನ್ನೇ ತೆಗೆದುಹಾಕುತ್ತಾರೆ. ಕಾಲೇಜಿನ ಬೋರ್ಡಿನವರು ಕಾಯುತ್ತಿದ್ದದ್ದೇ ಅದಕ್ಕೆ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದು. ಆ ಪಂದ್ಯ ನೋಡಲಿಕ್ಕೆ ಅಲ್ಲಿಯ ಒಂದು ಯೂನಿವರ್ಸಿಟಿಯ ಕೋಚ್ ಬರುವವಳಿದ್ದಳು. ಅವಳ ಕಣ್ಣಿಗೆ ಬಿದ್ದರೆ ಮುಂದಿನ ಎರಡು ವರ್ಷದ ಫೀಸು ಅವರದ್ದೇ. ನಮ್ಮ ಮನೆಯಲ್ಲಿ ಆಗ ನಿಖಿಲಾಳಿಗೆ ಬೇರೆ ದಾರಿ ಇರಲಿಲ್ಲ. ಮೋಹನ ಎದ್ದು ಹಿತ್ತಲಿಗೆ ಹೋಗಿ ಒಣಗಿದ ಹುಲ್ಲಿಗೆ ನೀರು ಬಿಡುತ್ತ ನಿಂತ. ಅಪ್ಪನಾದವನು ಮತ್ತೇನು ಮಾಡುತ್ತಾನೆ.

ಲಿಂಡಾ ಕಣ್ಣು ಒರೆಸಿಕೊಂಡು ಇನ್ನೂ ನಾಲ್ಕು ಗೋಳಿಬಜೆ ತಿಂದು ಒಂದು ಉಪಾಯ ಹೇಳಿದಳು. ಕಾಲೇಜಿನ ಜಿಮ್ಮಿನಲ್ಲಿ ಒಂದು ಊಟ ಇಡುವುದು. ತಲೆಗೆ ಇಷ್ಟು ಎಂದು ಟಿಕೆಟ್. ಬಂದ ದುಡ್ಡು ಬಸ್ಸಿಗೆ. ಹುಡುಗಿಯರ ಮನೆಯವರೆಲ್ಲ ತಮ್ಮ ತಮ್ಮ ಕಡೆಯವರನ್ನು ಕರೆಯಬೇಕು. ನಮ್ಮವರಿಗೆ ಫೋನ್ ಮಾಡುವ ಕೆಲಸ ನನಗೆ ಬಂತು.

ಇಲ್ಲಿ ಒಂದು ಮಾತು ಹೇಳಬೇಕು. ನಾನೇನು ಧಾರಾಳಿಯಲ್ಲ. ಗಿಫ್ಟ್ ಪೇಪರಿನ ಸಂಗತಿ ಕೇಳಿದಿರಲ್ಲ. ಆದರೆ ಊಟಕ್ಕೆ ಬನ್ನಿ ಎಂದು ಕರೆದು, ಬರುವಾಗ ದುಡ್ಡು ತನ್ನಿ ಎನ್ನಲಿಕ್ಕೆ ನನ್ನ ನಾಲಿಗೆ ಹೊರಳಲಿಲ್ಲ. ಫೋನ್ ಕಿವಿಗಿಟ್ಟು “ಟಿಕೆಟ್…” ಎನ್ನುವಷ್ಟರಲ್ಲಿ ಬೆವರು ಬಂತು. ನಮ್ಮ ಕಡೆ ಹಾಗೆ ಕರೆದರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಎಲ್ಲರಿಗೂ ಒಂದೇ ಮಾತು ಹೇಳಿದೆ: “ನಿಖಿಲಾಳ ಕಾಲೇಜಿನಲ್ಲಿ ಒಂದು ಕಾರ್ಯಕ್ರಮ, ಶನಿವಾರ ಸಂಜೆ ಊಟಕ್ಕೇ ಬರಬೇಕು, ತಪ್ಪಿಸಬಾರದು.” ಬಂದ ಮೇಲೆ ಅವರಿಗೇ ತಿಳಿಯುತ್ತದೆ, ಕೊಡುತ್ತಾರೆ ಎಂದುಕೊಂಡೆ.

ನನ್ನ ಗೆಳತಿ ಜೈಬುನ್ನೀಸಾ ಒಬ್ಬಳಿಗೆ ಮಾತ್ರ ನಿಜ ಹೇಳಿದೆ. ಅವಳು ಮೈಸೂರಿನವಳು, ಚಾಟ್ಸ್‌ವರ್ತ್‌ನಲ್ಲಿ ಮನೆ.

“ಅರೆ ಗಿರಿಜಕ್ಕ, ಊಟಕ್ಕೆ ದುಡ್ಡು ಕೇಳೋದಾ? ನನ್ ಕೈಲೂ ಆಗಲ್ಲಪ್ಪ. ನಾನು ಬಿರಿಯಾನಿ ಮಾಡ್ಕೊಂಡು ಬರ್ತೀನಿ, ಅದನ್ನ ಏನ್ ಬೇಕಾದ್ರೂ ಮಾಡ್ಕೊಳ್ಳಿ.”

ಶನಿವಾರ ಬಂತು. ಜಿಮ್ಮಿನ ಒಂದು ಬದಿಯಲ್ಲಿ ಉದ್ದ ಮೇಜುಗಳು. ಅಮೆರಿಕದವರ ಸ್ಪಗೆಟ್ಟಿ, ನಮ್ಮ ಬಿಸಿಬೇಳೆಬಾತು, ಗೋಳಿಬಜೆ, ಜೈಬುನ್ನೀಸಾಳ ಬಿರಿಯಾನಿ. ಟ್ಯಾಮಿಯ ಅಪ್ಪ ನಲ್ಲಿ ರಿಪೇರಿ ಮಾಡುವವನು, ಬಾಗಿಲಲ್ಲಿ ಕೂತು ಟಿಕೆಟ್ ಕೊಡುತ್ತಿದ್ದ. ಫುಟ್‌ಬಾಲ್ ಕೋಚ್ ಕೂಡ ಬಂದಿದ್ದ, ಕುತ್ತಿಗೆಯೇ ಇಲ್ಲದ ಮನುಷ್ಯ. ಬಿರಿಯಾನಿಯ ವಾಸನೆ ಅವನ ಆಫೀಸಿನವರೆಗೆ ಹೋಗಿತ್ತು.

ಆಗ ನಮ್ಮವರು ಬಂದರು. ಏನು ಬರುವುದು! ಹೆಂಗಸರೆಲ್ಲ ರೇಷ್ಮೆ ಸೀರೆ, ಮಲ್ಲಿಗೆ ಸಿಗದ ಊರಲ್ಲಿ ಪ್ಲಾಸ್ಟಿಕ್ ಮಲ್ಲಿಗೆ. ಪ್ರಭಾಕರ ಕೋಟು ಹಾಕಿದ್ದ. ಅವನ ಹೆಂಡತಿ ಸುಮನಾ ಮಂಗಳಸೂತ್ರದ ಮೇಲೆ ಇನ್ನೆರಡು ಸರ ಹಾಕಿಕೊಂಡಿದ್ದಳು. ಒಬ್ಬೊಬ್ಬರ ಕೈಯಲ್ಲೂ ಬಣ್ಣದ ಕಾಗದ ಸುತ್ತಿದ ಡಬ್ಬಿ! ಕಾರ್ಯಕ್ರಮ ಎಂದಿದ್ದೆನಲ್ಲ. ನಮ್ಮ ಜನ ಕಾರ್ಯಕ್ರಮಕ್ಕೆ ಬರಿಗೈಯಲ್ಲಿ ಬರುತ್ತಾರೆಯೇ? ಟಿಕೆಟ್ ಮೇಜಿನವನನ್ನು ದಾಟಿ ನೇರ ನನ್ನ ಹತ್ತಿರ ಬಂದು, ಡಬ್ಬಿ ಕೈಗಿಟ್ಟು, ನಮಸ್ಕಾರ ಮಾಡಿ ಊಟಕ್ಕೆ ಕೂತರು. ಟ್ಯಾಮಿಯ ಅಪ್ಪ ಟಿಕೆಟ್ ಹಿಡಿದ ಕೈಯನ್ನು ಹಾಗೆಯೇ ಎತ್ತಿಕೊಂಡು ಉಳಿದ.

“ಹುಡುಗ ಎಲ್ಲಿ ಗಿರಿಜಕ್ಕ?” ಎಂದು ಸುಮನಾ ಕಿವಿಯಲ್ಲಿ ಕೇಳಿದಳು.

“ಯಾವ ಹುಡುಗ?”

“ಹಾಲ್ ತಗೊಂಡಿದ್ದೀರಿ, ಊಟ ಇದೆ… ನಿಶ್ಚಿತಾರ್ಥ ಅಲ್ವಾ?”

“ನಿಶ್ಚಿತಾರ್ಥ ವಾಲಿಬಾಲಿಗೆ. ಹೋಗಿ ಊಟ ಮಾಡು.”

ಶೈಲಾ ನನ್ನನ್ನು ಬಟ್ಟೆ ಬದಲಿಸುವ ಕೋಣೆಗೆ ಎಳೆದುಕೊಂಡು ಹೋದಳು. “ಅಮ್ಮ, ನೀನು ಅವರಿಗೆ ಎಂತ ಹೇಳಿದ್ದಿ? ಅರ್ಧ ಜನ ಫ್ರೀಯಾಗಿ ಊಟ ಮಾಡ್ತಿದ್ದಾರೆ! ಇರುವ ದುಡ್ಡು ಬಸ್ಸಿನ ಟೈರಿಗೂ ಸಾಲುದಿಲ್ಲ!”

“ಹೋಗಿ ಕೇಳು ಹಾಗಾದ್ರೆ. ನಿನ್ನ ನಾಲಿಗೆ ಹೊರಳ್ತದಾ ನೋಡುವ.”

ಅವಳು ಹೋದಳು. ಪ್ರಭಾಕರನ ಎದುರು ನಿಂತಳು. ಬಾಯಿ ತೆರೆದಳು. “ಇನ್ನೂ ಸ್ವಲ್ಪ ಬಿರಿಯಾನಿ ಹಾಕಿಸಿಕೊಳ್ಳಿ,” ಎಂದು ಹೇಳಿ ವಾಪಸು ಬಂದಳು. ನನ್ನ ಮಗಳೇ ಅಲ್ಲವೇ.

ಮೂಲೆಯಲ್ಲಿ ಡಬ್ಬಿಗಳ ರಾಶಿ ಬೆಳೆಯುತ್ತಲೇ ಇತ್ತು. ನಿಖಿಲಾ ಅದರ ಪಕ್ಕ ನೆಲದ ಮೇಲೆ ಕೂತಿದ್ದಳು. ಅಳಲಿಲ್ಲ. ಚೆಂಡನ್ನು ಮೇಲೆ ಎಸೆಯುವುದು, ಹಿಡಿಯುವುದು, ಅಷ್ಟೇ ಮಾಡುತ್ತಿದ್ದಳು. ಅಳುವವರನ್ನು ನಾನು ಸುಧಾರಿಸಬಲ್ಲೆ. ಇಂಥವರ ಹತ್ತಿರ ನನಗೆ ಏನೂ ತೋಚುವುದಿಲ್ಲ.

ಲಿಂಡಾ ಆ ರಾಶಿಯನ್ನು ನೋಡಿ ಕೇಳಿದಳು, ಇದನ್ನೆಲ್ಲ ಏನು ಮಾಡುವುದು ಎಂದು.

ಏನು ಮಾಡುವುದು! ನನ್ನ ತಲೆಯೊಳಗೆ ನಮ್ಮೂರಿನ ಚೌತಿಯ ಏಲಂ ಜಾಗಟೆ ಹೊಡೆದ ಹಾಗೆ ಎದ್ದು ಬಂತು.

ನಮ್ಮ ಕಡೆ ಗಣಪತಿಯ ಎದುರು ಜನ ತಂದಿಟ್ಟ ಫಲವಸ್ತುಗಳನ್ನು ಪೂಜೆ ಮುಗಿದ ಮೇಲೆ ಏಲಂ ಹಾಕುತ್ತಾರೆ. ಸೌತೆಕಾಯಿ, ಕಬ್ಬು, ತೆಂಗಿನಕಾಯಿ, ಯಾವುದಾದರೂ ಆದೀತು. ದೇವರ ಎದುರು ಇಟ್ಟದ್ದು ಎಂದು ಒಂದು ನೆವ. ನಿಜವಾಗಿ ಅಲ್ಲಿ ಏಲಂ ಆಗುವುದು ಗಂಡಸರ ಮೀಸೆ. ನನ್ನ ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುವವನು. ಒಂದು ಚೌತಿಗೆ ಪಕ್ಕದ ಮನೆಯವನ ಮೇಲೆ ಹಟಕ್ಕೆ ಬಿದ್ದು ಕೂಗಿ ಕೂಗಿ ಒಂದು ವಾರದ ಸಂಬಳಕ್ಕೆ ಒಂದು ಸೌತೆಕಾಯಿ ತಂದ. ಅಮ್ಮ ಅದನ್ನು ಹೆಚ್ಚಲಿಲ್ಲ. ಬಾಗಿಲ ಎದುರು ನೇತುಹಾಕಿ, ಬಂದವರಿಗೆಲ್ಲ “ನಮ್ಮ ಮನೆಯ ಸಂಬಳ ನೋಡಿ” ಎಂದು ತೋರಿಸಿದಳು. ಕೊಳೆತು ಬೀಳುವವರೆಗೂ ತೋರಿಸಿದಳು.

ನಾನು ಮೈಕಿನ ಹತ್ತಿರ ಹೋದೆ. “ಅಜ್ಜಿ, ನೋ. ಪ್ಲೀಸ್, ನೋ,” ಎಂದು ನಿಖಿಲಾ ಹಿಂದಿನಿಂದ ಹೇಳುವುದು ಕೇಳಿಸಿತು. ನನ್ನ ಇಂಗ್ಲಿಷು ಅಂಗಡಿಯಲ್ಲಿ ಹಾಲು ತರುವಷ್ಟು. ಆದರೆ ಏಲಂ ಕೂಗಲಿಕ್ಕೆ ಭಾಷೆ ಬೇಕಿಲ್ಲ, ಗಂಟಲು ಬೇಕು.

ಒಂದು ಡಬ್ಬಿ ಎತ್ತಿ ಅಲ್ಲಾಡಿಸಿದೆ. “ನೋ ಓಪನ್!” ಎಂದೆ. “ಇನ್‌ಸೈಡ್, ಗಾಡ್ ನೋಸ್! ಫೈವ್ ಡಾಲರ್! ಹೂ ಸೇ ಟೆನ್?”

ಮೊದಲು ಟ್ಯಾಮಿಯ ಅಪ್ಪ ಕೈ ಎತ್ತಿದ. “ಟೆನ್!”

ಹಿಂದೆ ಕೂತ ಇನ್ನೊಬ್ಬ ಹುಡುಗಿಯ ಅಮ್ಮ, “ಫಿಫ್ಟೀನ್!”

“ಒನ್ ಟೈಮ್! ಟೂ ಟೈಮ್!” ಎಂದು ಕೂಗಿ ಮೂರನೆಯದಕ್ಕೆ ಸ್ಟೀಲ್ ಸೌಟಿನಿಂದ ಬಿರಿಯಾನಿಯ ಪಾತ್ರೆಗೆ ಬಾರಿಸಿದೆ. ಡಣ್! ಆ ಹೆಂಗಸು ಓಡಿ ಬಂದು ಡಬ್ಬಿ ಬಿಚ್ಚಿದಳು. ಒಳಗೆ ಆರು ಸ್ಟೀಲ್ ಲೋಟ. ಅವಳ ಸಂತೋಷ ನೋಡಬೇಕಿತ್ತು! ನಮ್ಮ ಪ್ರತಿ ಮನೆಯ ಕಪಾಟಿನಲ್ಲೂ ಅಂಥವು ಡಜನ್ ಬಿದ್ದಿರುತ್ತವೆ. ಅವಳು ಕಿರೀಟ ಸಿಕ್ಕಿದ ಹಾಗೆ ತಲೆಯ ಮೇಲೆತ್ತಿ ಎಲ್ಲರಿಗೂ ತೋರಿಸಿದಳು.

ಅಲ್ಲಿಂದ ಜಿಮ್ಮು ಹೊತ್ತಿಕೊಂಡಿತು. ಬೆಳ್ಳಿಯ ಬಣ್ಣದ ಕುಂಕುಮ ಭರಣಿ ಹೋಯಿತು, ಗಂಧದ ಆನೆ ಹೋಯಿತು. ಒಬ್ಬ ಹುಡುಗಿಯ ಅಣ್ಣನಿಗೆ ಬ್ಲೌಸ್ ಪೀಸ್ ಬಂತು, ತಲೆಗೆ ಕಟ್ಟಿಕೊಂಡು ಕುಣಿದ. ಫುಟ್‌ಬಾಲ್ ಕೋಚ್ ಹಾಟ್‌ಕೇಸ್ ಗೆದ್ದು, ಅದಕ್ಕೆ ಬಿರಿಯಾನಿಯನ್ನೂ ತುಂಬಿಸಿಕೊಂಡ. ನಮ್ಮವರಿಗೆ ಈಗ ಅರ್ಥವಾಯಿತು. ಅವರೂ ಕೂಗತೊಡಗಿದರು. ಕೈಚಾಚಿ ಬೇಡಿದರೆ ಕೊಡಲಾರದವರು, ಗೆಲ್ಲಲಿಕ್ಕೆ ಎಂದರೆ ಜೇಬು ಮಗುಚಿ ಹಾಕುತ್ತಾರೆ. ಶೈಲಾ ಡಬ್ಬಿ ಎತ್ತಿ ಎತ್ತಿ ನನ್ನ ಕೈಗೆ ಕೊಡುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಖ ಕೆಂಪು. ಮೋಹನ ದುಡ್ಡು ಇಸಿದುಕೊಳ್ಳುತ್ತಿದ್ದ. ಆ ವರ್ಷದಲ್ಲಿ ಅವನು ನಕ್ಕದ್ದನ್ನು ಅವತ್ತೇ ನಾನು ಕಂಡದ್ದು.

ಕೊನೆಗೆ ಒಂದೇ ಡಬ್ಬಿ ಉಳಿಯಿತು, ಎಲ್ಲಕ್ಕಿಂತ ದೊಡ್ಡದು. ಬಸ್ಸಿಗೆ ಇನ್ನೂ ಸಾಲುತ್ತಿರಲಿಲ್ಲ. ಎತ್ತಿಕೊಂಡೆ. ನೀಲಿ ಪೇಪರ್, ಚಿನ್ನದ ನಕ್ಷತ್ರ. ಮೂಲೆಯಲ್ಲಿ ಕಾಫಿಯ ಕಲೆ.

ನನ್ನ ಪೇಪರ್! ಕಾಫಿ ಚೆಲ್ಲಿದವಳೂ ನಾನೇ!

ಒಳಗೆ ಏನಿದೆ ಎಂದು ಆ ಜಿಮ್ಮಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಎರಡು ಹಂಸಗಳಿರುವ ಗೋಡೆ ಗಡಿಯಾರ, ಗಂಟೆಗೊಮ್ಮೆ ಸಂಗೀತ ಬಾರಿಸುವುದು. ನಮ್ಮ ಗೃಹಪ್ರವೇಶಕ್ಕೆ ಇದೇ ಪ್ರಭಾಕರ ಮತ್ತು ಸುಮನಾ ಕೊಟ್ಟದ್ದು. ನಾವು ಒಂದು ವಾರ ಸಹಿಸಿ ಇಳಿಸಿದೆವು. ನಾನು ಅದನ್ನು ನನ್ನ ಪೇಪರಿನಲ್ಲಿ ಸುತ್ತಿ ಜೈಬುನ್ನೀಸಾಳ ಹೊಸ ಮನೆಗೆ ಕೊಟ್ಟಿದ್ದೆ. ಈಗ ಅದನ್ನು ತಂದವರು ಪ್ರಭಾಕರ ಮತ್ತು ಸುಮನಾ, ಕೈಗಿಟ್ಟಾಗ ಗದ್ದಲದಲ್ಲಿ ನಾನು ಪೇಪರ್ ಗಮನಿಸಿರಲಿಲ್ಲ. ಅವರಿಗೆ ಹೇಗೆ ಹೋಯಿತು?

ಜೈಬುನ್ನೀಸಾಳ ಕಡೆ ನೋಡಿದೆ. ಅವಳು ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಿದ್ದಳು. ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು: “ಬೈಬೇಡಿ ಅಕ್ಕ. ಅವ್ರ ಆ್ಯನಿವರ್ಸರಿಗೆ ನಾನೇ ಕೊಟ್ಟೆ. ನೀವು ಕೊಟ್ಟಿದ್ದು ಏನೂಂತ ಈಗ್ಲೂ ನಂಗೆ ಗೊತ್ತಿಲ್ಲ. ಬಿಚ್ಚೇ ಇಲ್ಲ. ನೋಡದೇ ಇರೋದು ಇಷ್ಟ ಆಗ್ಲಿಲ್ಲ ಅಂತ ಹೇಗೆ ಹೇಳ್ಲಿ?”

ಅಂದರೆ ಇವರೂ ಬಿಚ್ಚಿರಲಿಲ್ಲ! ಗಡಿಯಾರ ಲಾಸ್ ಏಂಜಲೀಸಿನ ಸುತ್ತ ಪ್ರದಕ್ಷಿಣೆ ಹಾಕಿ, ಕೊಟ್ಟವರ ಮನೆಗೇ ಹೋಗಿ, ಅಲ್ಲಿಯೂ ಕಣ್ಣು ಬಿಡದೆ ಇಲ್ಲಿಗೆ ಬಂದಿತ್ತು.

ನಗು ನುಂಗಿ ಕೂಗಿದೆ. “ಬಿಗ್ ಒನ್! ಟ್ವೆಂಟಿ ಡಾಲರ್!”

ಫುಟ್‌ಬಾಲ್ ಕೋಚ್ ಕೈ ಎತ್ತಿದ. ಅವನಿಗೆ ಏಲಂ ರುಚಿ ಹತ್ತಿತ್ತು. “ತರ್ಟಿ!” ಎಂದು ಹೇಳಿ ಪ್ರಭಾಕರನ ಕಡೆ ತಿರುಗಿ, ಸುಮ್ಮನೆ ತಮಾಷೆಗೆ, ಹುಬ್ಬು ಹಾರಿಸಿದ.

ಅಷ್ಟು ಸಾಕಾಯಿತು. ಪ್ರಭಾಕರ ಎದ್ದು ನಿಂತ. “ಫಿಫ್ಟಿ!”

“ಸಿಕ್ಸ್‌ಟಿ!”

“ರೀ, ಸಾಕು ಕೂತ್ಕೊಳ್ಳಿ, ನಾವೇ ತಂದ ಗಿಫ್ಟು,” ಎಂದು ಸುಮನಾ ಕೋಟು ಎಳೆದಳು.

“ನೀನು ಸುಮ್ನಿರು. ಹಂಡ್ರೆಡ್!”

ಹುಡುಗಿಯರು ಕಾಲಿನಿಂದ ನೆಲ ಬಡಿಯತೊಡಗಿದರು. ಜಿಮ್ಮಿನ ಮರದ ನೆಲ ಚೆಂಡೆಯ ಹಾಗೆ ಗುಡುಗಿತು. ನಿಖಿಲಾ ಎದ್ದು ಬಂದು ನನ್ನ ಪಕ್ಕ ನಿಂತಿದ್ದಳು. ನೂರ ಐವತ್ತು ಎಂದ ಕೋಚ್. ಇನ್ನೂರು ಎಂದ ಪ್ರಭಾಕರ. ಕೋಚ್ ಇನ್ನೂರ ಐವತ್ತು ಎಂದ, ಆಗಲೇ ಅವನ ಧ್ವನಿಯಲ್ಲಿ ಗಾಳಿ ಕಡಿಮೆಯಾಗಿತ್ತು. ಪ್ರಭಾಕರ ಕೋಟು ಬಿಚ್ಚಿ ಕುರ್ಚಿಗೆ ಎಸೆದ.

“ಫೋರ್ ಹಂಡ್ರೆಡ್!”

“ಒನ್ ಟೈಮ್! ಟೂ ಟೈಮ್!” ಕೋಚ್ ಎರಡೂ ಕೈ ಎತ್ತಿ ಶರಣಾದ. ಸೌಟು ಬಾರಿಸಿದೆ. ಹಿಡಿಕೆ ಬಗ್ಗಿಹೋಯಿತು.

ಪ್ರಭಾಕರ ಗೆದ್ದ ಪೈಲ್ವಾನನ ಹಾಗೆ ಬಂದು ಪೇಪರಿಗೆ ಕೈ ಹಾಕಿದ. “ಹರಿಬೇಡ!” ಎಂದು ಕಿರುಚಿ ನಾನೇ ಬಿಡಿಸಿಕೊಟ್ಟೆ. ಪೇಪರ್ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅವನು ಪೆಟ್ಟಿಗೆ ತೆರೆದ. ಎರಡು ಹಂಸ.

ಸುಮನಾ ಹತ್ತಿರ ಬಂದು ಬಗ್ಗಿ ನೋಡಿದಳು. “ಇದು… ನಾವು ಗಿರಿಜಕ್ಕನ ಮನೆಗೆ ಕೊಟ್ಟಿದ್ದಲ್ವಾ?”

ಪ್ರಭಾಕರ ಗಡಿಯಾರ ನೋಡಿದ, ನನ್ನನ್ನು ನೋಡಿದ. ನಾನು ಜೈಬುನ್ನೀಸಾಳನ್ನು ನೋಡಿದೆ. ಜೈಬುನ್ನೀಸಾ ಸುಮನಾಳನ್ನು ನೋಡಿದಳು. ಎಲ್ಲರದ್ದೂ ಹುಳುಕು ಒಂದೇ ಡಬ್ಬಿಯಲ್ಲಿತ್ತು, ಯಾರು ಯಾರಿಗೆ ಹೇಳುವುದು? ಮೊದಲು ನಕ್ಕದ್ದು ಪ್ರಭಾಕರನೇ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಆಮೇಲೆ ಮೈಕ್ ಹಿಡಿದು ಇಂಗ್ಲಿಷಿನಲ್ಲಿ ಗಂಭೀರವಾಗಿ ಹೇಳಿದ, ಈ ಗಡಿಯಾರವನ್ನು ತಾನು ಈ ಜಿಮ್ಮಿಗೆ ದಾನ ಕೊಡುತ್ತೇನೆ, ದಯವಿಟ್ಟು ಗೋಡೆಗೆ ಗಟ್ಟಿಯಾಗಿ ಮೊಳೆ ಹೊಡೆಯಿರಿ.

ಅವನ ಚೆಕ್ಕಿಗೆ ಬಸ್ಸು ಪೂರ್ತಿಯಾಯಿತು. ಲಿಂಡಾ ನನ್ನನ್ನು ಎತ್ತಲಿಕ್ಕೆ ನೋಡಿದಳು, ಆಗಲಿಲ್ಲ.

ಸ್ಯಾನ್ ಡಿಯಾಗೋಗೆ ಬಸ್ಸು ಮುಂದೆ, ನಾವು ಮೋಹನನ ಹಳೆ ಕಾರಿನಲ್ಲಿ ಹಿಂದೆ. ಪ್ರಭಾಕರನೂ ತನ್ನ ಕಾರಿನಲ್ಲಿ ಬಂದ. ಬಸ್ಸಿಗೆ ದುಡ್ಡು ಕೊಟ್ಟವನು ಬಸ್ಸು ಓಡುವುದನ್ನು ನೋಡಬೇಕಲ್ಲ! ದಕ್ಷಿಣಕ್ಕೆ ಹೋಗುವ ಆ ದಾರಿಯಲ್ಲಿ ಸಮುದ್ರ ಬಲಗಡೆ, ಉಡುಪಿಯಿಂದ ಮಂಗಳೂರಿಗೆ ಹೋಗುವ ಹಾಗೆಯೇ. ಮೀನಿನ ವಾಸನೆ ಮಾತ್ರ ಇಲ್ಲ. ವಾಸನೆ ಇಲ್ಲದ ಸಮುದ್ರ ಉಪ್ಪಿಲ್ಲದ ಸಾರಿನ ಹಾಗೆ ಎಂದೆ. “ಅಕ್ಕ, ಸುಮ್ನೆ ನೋಡಿ, ಫ್ರೀ ಇದೆ,” ಎಂದಳು ಜೈಬುನ್ನೀಸಾ.

ಪಂದ್ಯ ಎಂದರೆ ಪಂದ್ಯ! ಎರಡು ಆಟ ಅವರದ್ದು, ಎರಡು ನಮ್ಮದು. ಐದನೆಯದರಲ್ಲಿ ಎಲ್ಲ ತೀರ್ಮಾನ. ಯೂನಿವರ್ಸಿಟಿಯ ಕೋಚ್ ಎದುರು ಬದಿಯಲ್ಲಿ ಕೂತಿದ್ದಳು, ಕೈಯಲ್ಲಿ ಕಾಫಿ. ಅವಳ ಕಣ್ಣು ಟ್ಯಾಮಿಯ ಮೇಲೆಯೇ. ನಮ್ಮವಳು ಎತ್ತಿಕೊಟ್ಟಳು, ಟ್ಯಾಮಿ ಹೊಡೆದಳು, ಕೋಚ್ ತಲೆ ಆಡಿಸಿದಳು. ಮತ್ತೆ ಎತ್ತಿಕೊಟ್ಟಳು, ಮತ್ತೆ ಹೊಡೆದಳು. ನನ್ನ ಹೊಟ್ಟೆ ಉರಿಯಿತು.

“ಅವಳನ್ನೂ ನೋಡು ಮಾರಾಯ್ತಿ!” ಎಂದು ಕೂಗಿದೆ. ರೆಫರಿ ನನ್ನ ಕಡೆ ತಿರುಗಿದ. ಕೂತೆ. ಶೈಲಾ ನನ್ನ ಬಾಯಿ ಮುಚ್ಚಲಿಕ್ಕೆ ಬಂದವಳು ತಾನೇ ಎದ್ದು ನಿಂತು, “ಕಮಾನ್ ನಿಕ್ಕೀ!” ಎಂದು ಗಂಟಲು ಹರಿಯುವ ಹಾಗೆ ಕಿರುಚಿದಳು. ಕಾಲೇಜಿನ ಹೆಸರನ್ನೂ ಕೂಗಿದಳು. ಆ ಹೆಸರು ಅವಳ ಬಾಯಲ್ಲಿ ಅಷ್ಟು ದೊಡ್ಡದಾಗಿ ಬಂದದ್ದು ಅದೇ ಮೊದಲು.

ಇನ್ನೊಂದು ಪಾಯಿಂಟ್ ಬಂದರೆ ಗೆಲುವು ನಮಗೆ. ಚೆಂಡು ಹಿಂದಿನಿಂದ ಎದ್ದು ನಿಖಿಲಾಳ ಮೇಲೆ ಬಂತು. ಟ್ಯಾಮಿ ಎಡಬದಿಯಲ್ಲಿ ಹಾರಿದಳು. ಎದುರಿನ ಹುಡುಗಿಯರು ಮೂವರೂ ಅವಳನ್ನು ತಡೆಯಲಿಕ್ಕೆ ಹಾರಿದರು. ನಿಖಿಲಾ ಟ್ಯಾಮಿಯನ್ನೇ ನೋಡಿದಳು, ಎರಡೂ ಕೈ ಎತ್ತಿದಳು, ಒಂದು ಕೈ ಇಳಿಯಿತು, ಉಳಿದ ಒಂದೇ ಕೈಯಿಂದ, ಅತ್ತ ನೋಡುತ್ತಲೇ, ಚೆಂಡನ್ನು ಇತ್ತ ಬಲೆಯ ಆಚೆ ತಳ್ಳಿಬಿಟ್ಟಳು. ಆಚೆ ಯಾರೂ ಇರಲಿಲ್ಲ. ಚೆಂಡು ನೆಲಕ್ಕೆ ಬಿದ್ದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಟಪ್.

ಯೂನಿವರ್ಸಿಟಿಯ ಕೋಚ್ ಕಾಫಿ ಕೆಳಗಿಟ್ಟಳು.

ನಾನು ಮೆಟ್ಟಿಲು ಇಳಿದದ್ದು ಹೇಗೆಂದು ನನಗೆ ಗೊತ್ತಿಲ್ಲ. ನಿಖಿಲಾಳ ಬೆವರಿನ ಕುತ್ತಿಗೆ ಹಿಡಿದು ಹೇಳಿದೆ, “ಬಾವಿಯ ಕಡೆ ನೋಡಿ ಕೊಟ್ಟಿಗೆಗೆ! ನಾನು ಕಲಿಸಿದ್ದು!”

“ಅಜ್ಜಿ,” ಎಂದಳು ಏದುಸಿರು ಬಿಡುತ್ತ, “ಎವ್ರಿ ಸೆಟ್ಟರ್ ಡಸ್ ದಟ್.”

ಮಾಡಲಿ. ನಾನು ನನ್ನದೇ ಎಂದುಕೊಂಡಿದ್ದೇನೆ.

ಆ ಕೋಚ್ ಟ್ಯಾಮಿಯನ್ನು ನೋಡಲಿಕ್ಕೆ ಬಂದವಳು, ಇಬ್ಬರನ್ನೂ ಕರೆದುಕೊಂಡಳು. ನಿಖಿಲಾ ಎರಡು ವರ್ಷ ಸ್ಯಾನ್ ಡಿಯಾಗೋದಲ್ಲಿ ಓದಿದಳು, ನಮ್ಮ ಕೈಯಿಂದ ಫೀಸು ಹೋಗಲಿಲ್ಲ. ಕಾಲೇಜಿನ ಬೋರ್ಡಿನವರು ಟೀಮನ್ನು ತೆಗೆಯಲಿಲ್ಲ. ಉಳಿಸುತ್ತೇವೆ ಎಂದೂ ಹೇಳಲಿಲ್ಲ. ಮುಂದಿನ ವರ್ಷ ನೋಡೋಣ ಎಂದರು. ಪ್ರತಿ ವರ್ಷವೂ ಹಾಗೆಯೇ ಹೇಳುತ್ತಾರೆ. ಪ್ರತಿ ವರ್ಷವೂ ಲಿಂಡಾ ನನಗೆ ಫೋನ್ ಮಾಡುತ್ತಾಳೆ, ಮೊಮ್ಮಗಳು ಅಲ್ಲಿ ಇಲ್ಲದಿದ್ದರೂ ನಾನು ಹೊಸ ಸೌಟು ಹಿಡಿದು ಹೋಗುತ್ತೇನೆ. ಫುಟ್‌ಬಾಲ್ ಕೋಚ್ ಮುಂದಿನ ಸಾಲಿನಲ್ಲಿ ಜಾಗ ಹಿಡಿದು ಕೂತಿರುತ್ತಾನೆ.

ಗಡಿಯಾರ ಜಿಮ್ಮಿನ ಗೋಡೆಯಲ್ಲಿದೆ. ಆಟದ ಮಧ್ಯೆ ಗಂಟೆಗೆ ಸರಿಯಾಗಿ ಸಂಗೀತ ಶುರುಮಾಡುತ್ತದೆ. ನಮ್ಮ ಹುಡುಗಿಯರಿಗೆ ಅಭ್ಯಾಸವಾಗಿದೆ, ಹೊರಗಿನ ಟೀಮಿನವರು ಬೆಚ್ಚಿ ಚೆಂಡನ್ನು ಬಲೆಗೆ ಹೊಡೆಯುತ್ತಾರೆ. ಅದರ ಬೆನ್ನಿಗೆ ಕಾಲೇಜಿನ ಸ್ವತ್ತು ಎಂದು ನಂಬರಿನ ಚೀಟಿ ಅಂಟಿಸಿದ್ದಾರೆ. ಇನ್ನು ಅದನ್ನು ಯಾರೂ ಯಾರಿಗೂ ಕೊಡುವ ಹಾಗಿಲ್ಲ.

ಈ ಶನಿವಾರ ಮತ್ತೆ ಏಲಂ. ನೀಲಿ ಪೇಪರ್ ಸವರಿ ಮಡಚುತ್ತಿದ್ದಾಗ ಪ್ರಭಾಕರನ ಫೋನ್ ಬಂತು.

“ಗಿರಿಜಕ್ಕ, ಈ ಸಲ ಗಿಫ್ಟ್ ಏನು ತರ್ಲಿ?”

“ಒಳಗೆ ಎಂತ ಉಂಟು ಅಂತ ನಿನಗೇ ಗೊತ್ತಿಲ್ಲದ ಡಬ್ಬಿ ಮನೆಯಲ್ಲಿ ಇದ್ರೆ ತಗೊಂಡು ಬಾ,” ಎಂದೆ. “ಚೆಕ್‌ಬುಕ್ಕೂ ತಾ. ಒಳಗಿನದ್ದು ನೀನೇ ಕೊಟ್ಟದ್ದು ಇರ್ಬಹುದು.”